ನಾನು ಒಡೆಯದ ಒಲೆ

ನಮ್ಮ ಮನೆಯ ಒಲೆಯನ್ನು ಒಡೆದವಳು ನಾನು ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ನನ್ನನ್ನು ದೂರದಿಂದ ತೋರಿಸಿ, ‘ಅವ್ರ ತಂಟೆಗೆ ಹೋಗ್ಬೇಡ ಕಣೇ, ಉರಿಯೋ ಒಲೇನೇ ಒಡೆದೋರು’ ಅನ್ನುತ್ತಾರಂತೆ. ಅನ್ನಲಿ. ನಮ್ಮ ಕಡೆ ಒಲೆ ಒಡೆಯುವುದೆಂದರೆ ಸಣ್ಣ ಮಾತಲ್ಲ. ಅಣ್ಣತಮ್ಮಂದಿರು ಪಾಲಾದರೂ ಬೇರೆ ಒಲೆ ಹೂಡುತ್ತಾರೆಯೇ ಹೊರತು ಹಳೆಯ ಒಲೆಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವಳು ಮನೆಹಾಳಿ. ಆ ಹೆಸರನ್ನು ನಾನು ಇಷ್ಟು ವರ್ಷ ತಲೆಯ ಮೇಲೆ ಹೊತ್ತುಕೊಂಡೇ ತಿರುಗಿದ್ದೇನೆ, ಒಂದು ದಿನವೂ ಇಳಿಸಲಿಲ್ಲ. ಆದರೆ ಒಡೆದವಳು ನಾನಲ್ಲ. ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಊರು ದೇವನಹಳ್ಳಿ ಕಡೆಯ ವಿಜಯಪುರಕ್ಕೆ ನಡೆದುಹೋಗಿ ಬರುವಷ್ಟು ಹತ್ತಿರ. ಅರವತ್ತರ ದಶಕದ ಕೊನೆಯಲ್ಲಿ ಹೊಸಕೋಟೆ ಕಡೆಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಗಳಿಗೇ ಜಾಸ್ತಿ ಜಾಗವಿತ್ತು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು, ಸೂರಿನವರೆಗೆ. ಹುಳಕ್ಕೆ ಬೇಡವಾಗಿ ಮಿಕ್ಕ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಮದುವೆಯ ಹೊಸತರಲ್ಲಿ ಮಲ್ಲಿಗೆ ಮುಡಿದು ನಡುಮನೆಗೆ ಕಾಲಿಟ್ಟದ್ದಕ್ಕೆ ಅತ್ತೆ ನನ್ನ ಜಡೆ ಹಿಡಿದು ನಿಲ್ಲಿಸಿದ್ದರು.

‘ಹುಳಕ್ಕೆ ವಾಸ್ನೆ ಬಡಿತೈತೆ ಕಣೇ. ಗೂಡು ಕಟ್ಟಿದ್ಮೇಲೆ ಮುಡ್ಕೊ, ಯಾರು ಬೇಡ ಅಂತಾರೆ?’

ಮುಡಿದುಕೊಳ್ಳುವುದಕ್ಕೂ ಹುಳದ ಅಪ್ಪಣೆ ಬೇಕೆ ಎಂದು ನನಗೆ ಅವತ್ತೇ ರೇಗಿತ್ತು. ಆದರೂ ಅದು ಅನ್ನ ಕೊಡುವ ಹುಳ, ಹೂವಿಲ್ಲದೆ ಬದುಕಬಹುದು ಅಂದುಕೊಂಡು ಸುಮ್ಮನಾದೆ. ಸುಮ್ಮನಿರಲು ಆಗದಂತೆ ಮಾಡಿದ್ದು ಅಡುಗೆಮನೆ.

ಬೇರೆ ಮನೆಗಳಲ್ಲಿ ಅಡುಗೆಮನೆಯ ಗೋಡೆ ಎದೆಮಟ್ಟಕ್ಕೋ ತಲೆಮಟ್ಟಕ್ಕೋ ನಿಂತು, ಹೊಗೆ ಮನೆಯೆಲ್ಲ ಸುತ್ತಾಡಿ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ. ನಮ್ಮ ಮನೆಯಲ್ಲಿ ಹುಳಕ್ಕೆ ಹೊಗೆ ತಾಗದಿರಲೆಂದು ಮಾವನ ಅಪ್ಪ ಆ ಗೋಡೆಯನ್ನು ಸೂರಿಗೆ ಮುಟ್ಟಿಸಿ, ಸಂದಿಗೊಂದಿಗೆಲ್ಲ ಮಣ್ಣು ಮೆತ್ತಿಸಿಬಿಟ್ಟಿದ್ದರು. ಮೇಲಿದ್ದ ಗವಾಕ್ಷಿ ಅಂಗೈ ಅಗಲ. ಹೊಗೆ ಹುಳಕ್ಕೆ ತಾಗುತ್ತಿರಲಿಲ್ಲ. ಒಲೆಯ ಮುಂದೆ ಕೂತವಳ ಎದೆಗೆ ಇಳಿಯುತ್ತಿತ್ತು. ಮನೆಯಲ್ಲಿ ಯಾರ ಉಸಿರಿಗೆ ಎಷ್ಟು ಬೆಲೆ ಎಂಬುದನ್ನು ಆ ಗೋಡೆಯೇ ಹೇಳುತ್ತಿತ್ತು.

ಉರಿಸುತ್ತಿದ್ದದ್ದು ಹಿಪ್ಪುನೇರಳೆ ಕಡ್ಡಿ, ಜೊತೆಗೊಂದಿಷ್ಟು ಬೆರಣಿ. ಸೊಪ್ಪು ಹುಳಕ್ಕೆ, ಕಡ್ಡಿ ಒಲೆಗೆ. ಬಿಸಿಲುಕಾಲದಲ್ಲಿ ಪರವಾಗಿಲ್ಲ, ಮಳೆ ಹಿಡಿಯಿತೆಂದರೆ ಹಸಿಗಡ್ಡಿ ಉರಿಯುವುದೇ ಇಲ್ಲ. ಅತ್ತೆ ಊದುಗೊಳವೆ ಹಿಡಿದು ಊದುತ್ತಾ, ಕೆಮ್ಮುತ್ತಾ, ಮತ್ತೆ ಊದುತ್ತಾ ಕೂತಿರುತ್ತಿದ್ದರು. ನಾನು ಕೂರುತ್ತೇನೆಂದರೆ ಬಿಡುತ್ತಿರಲಿಲ್ಲ. ‘ನಿನ್ನ ಕಣ್ಣು ಇನ್ನೂ ಚೆನ್ನಾಗವೆ, ಹುಳ ನೋಡು ಹೋಗು’ ಎಂದು ಎಬ್ಬಿಸಿಬಿಡುತ್ತಿದ್ದರು. ಬರಬರುತ್ತಾ ಅವರಿಗೆ ಮಲಗಿ ನಿದ್ದೆ ಮಾಡುವುದಕ್ಕೇ ಆಗುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಂಬಕ್ಕೆ ಒರಗಿ, ರಾಗಿ ಮೂಟೆಗೆ ಒರಗಿ, ಕೂತೇ ತೂಕಡಿಸುತ್ತಿದ್ದರು. ವಿಜಯಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ‘ಮಾತ್ರೆ ಕೊಡ್ತೀನಿ, ಆದ್ರೆ ಹೊಗೆ ಬಿಡಿಸ್ದೆ ಹೋದ್ರೆ ಇವರು ಹೆಚ್ಚು ದಿನ ಬದುಕಲ್ಲ’ ಎಂದು ಮಾವನ ಮುಖಕ್ಕೇ ಹೇಳಿದರು.

ಮಾವ ಕೆಟ್ಟವರಲ್ಲ. ಆದರೆ ದಾರಿಯುದ್ದಕ್ಕೂ ಗೊಣಗಿದರು. ‘ಒಲೆ ಮುಂದೆ ಕೂರ್ದೆ ಹೆಂಗಸು ಇನ್ನೆಲ್ಲಿ ಕೂರ್ತಾಳೆ? ನಮ್ಮವ್ವ ಕೂರ್ಲಿಲ್ವಾ?’

‘ಅವ್ರು ಎಷ್ಟು ವಯಸ್ಸಿಗೆ ಹೋದ್ರು ಮಾವ?’ ಎಂದು ನಾನು ಕೇಳಿದೆ. ಅವರು ನಡಿಗೆ ಜೋರು ಮಾಡಿದರು. ಅತ್ತೆ ಹಿಂದಿನಿಂದ ನನ್ನ ಸೆರಗು ಜಗ್ಗಿದರು.

ನನ್ನ ಗಂಡ ಮಾತಿನವರಲ್ಲ, ಮಾಡುವವರು. ವಾರದೊಳಗೆ ಬೆಂಗಳೂರಿನಿಂದ ಒಂದು ಸೀಮೆಎಣ್ಣೆ ಸ್ಟೌ ತಂದರು. ಪಂಪು ಹೊಡೆದರೆ ಬುಸ್ಸೆಂದು ಉರಿಯುತ್ತಿತ್ತು, ಹೊಗೆ ಕಡಿಮೆ. ನನಗೆ ಸಮಾಧಾನವಾಯಿತು. ಆದರೆ ಸ್ಟೌ ಮುಟ್ಟಿದ ಕೈಯನ್ನು ಸೀಗೆಪುಡಿ ಹಾಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ತಿನ್ನದೆ ತಲೆಯೆತ್ತಿ ಕೂರುತ್ತಿದ್ದವು. ಆ ಸಲದ ಬೆಳೆಯಲ್ಲಿ ಅರ್ಧದಷ್ಟು ತಟ್ಟೆಗಳ ಹುಳ ಕಪ್ಪಾಗಿ ಸತ್ತವು. ಸ್ಟೌವನ್ನು ಅಂಗಳಕ್ಕೆ ಎಸೆದವರು ಅತ್ತೆಯೇ. ಸರಿ, ಹುಳ ಇಲ್ಲದಾಗಲಾದರೂ ಹಚ್ಚೋಣ ಎಂದು ನಾನು ಅದನ್ನು ಎತ್ತಿಟ್ಟೆ. ಅಷ್ಟರಲ್ಲಿ ಸೀಮೆಎಣ್ಣೆಗೇ ತತ್ವಾರ ಬಂತು. ಎಪ್ಪತ್ತರ ದಶಕದ ಆ ದಿನಗಳನ್ನು ಕಂಡವರಿಗೆ ಗೊತ್ತು. ಎಲ್ಲೋ ಮರಳುಗಾಡಿನ ದೇಶದವರು ಎಣ್ಣೆಯ ಬೆಲೆ ಏರಿಸಿದರೆಂದು ನಾವು ಸೊಸೈಟಿಯ ಮುಂದೆ ಡಬ್ಬ ಹಿಡಿದು ನಿಲ್ಲಬೇಕು. ನಿಂತು ನಿಂತು, ಕೊನೆಗೆ ‘ಸ್ಟಾಕ್ ಇಲ್ಲ, ನಾಳೆ ಬನ್ನಿ’. ನನಗೆ ಅದು ಸೇರಲಿಲ್ಲ. ನನ್ನ ಮನೆಯ ಅನ್ನ ಬೇಯಲು ಕಂಡು ಕೇಳದ ಊರಿನವರ ಮರ್ಜಿ ಯಾಕೆ ಕಾಯಬೇಕು?

ಆ ವರ್ಷವೇ ನಮ್ಮ ಅಕ್ಕನ ಮಗುವಿನ ನಾಮಕರಣಕ್ಕೆಂದು ಹೋಗಿದ್ದೆ. ಅವಳನ್ನು ಕೊಟ್ಟಿದ್ದು ನೆಲಮಂಗಲದ ಹತ್ತಿರದ ಒಂದು ಹಳ್ಳಿಗೆ. ಅವಳ ಅಡುಗೆಮನೆಗೆ ಹೋದರೆ ಗೋಡೆ ಬೆಳ್ಳಗಿದೆ, ಅಕ್ಕನ ಕಣ್ಣೂ ಬೆಳ್ಳಗಿವೆ. ಕಟ್ಟೆಯ ಮೇಲೆ ಕಬ್ಬಿಣದ ಒಲೆ, ಅದರಲ್ಲಿ ನೀಲಿ ಬೆಂಕಿ. ‘ಏನೇ ಇದು?’ ಅಂದೆ. ಅವಳು ನನ್ನ ಕೈಹಿಡಿದು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಸಗಣಿಯನ್ನು ನೀರಲ್ಲಿ ಕಲಸಿ ಒಂದು ಕಡೆ ಬಿಡುತ್ತಾರೆ. ಅದು ಒಳಗೆ ಹುಳಿತು ಗಾಳಿ ಏಳುತ್ತದೆ, ಡ್ರಮ್ಮು ಮೇಲೇಳುತ್ತದೆ, ಆ ಗಾಳಿಯೇ ಪೈಪಿನಲ್ಲಿ ಬಂದು ಒಲೆಯಲ್ಲಿ ಉರಿಯುತ್ತದೆ. ಸತ್ವ ಕಳೆಯದ ಗೊಬ್ಬರ ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ. ಗೋಬರ್ ಗ್ಯಾಸ್. ನಾನು ಆ ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತೆ. ಬೆಂಕಿಯನ್ನು ನಾವು ದಿನಾ ಕೊಟ್ಟಿಗೆಯಲ್ಲೇ ಕಟ್ಟಿಹಾಕಿ ಹುಲ್ಲು ಹಾಕುತ್ತಿದ್ದೇವಲ್ಲ, ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಸಿಟ್ಟೂ ಬಂತು, ಸಂತೋಷವೂ ಆಯಿತು.

ಮನೆಗೆ ಬಂದು ಹೇಳಿದರೆ ಮಾವ ನಕ್ಕರು. ಪಕ್ಕದ ಮನೆಯಲ್ಲೇ ಪಾಲಾಗಿದ್ದ ಅವರ ತಮ್ಮ, ನನ್ನ ಚಿಕ್ಕಮಾವ, ಇನ್ನೂ ಜೋರಾಗಿ ನಕ್ಕರು. ಅವರಿಗೆ ದಿನಾ ಸಂಜೆ ನಮ್ಮ ಜಗಲಿಯ ಮೇಲೆ ಕೂತು ನಮ್ಮ ಮನೆಯ ವಿಷಯ ತೀರ್ಮಾನ ಮಾಡುವ ಅಭ್ಯಾಸ.

‘ಏನಣ್ಣ, ನಿನ್ನ ಸೊಸೆ ಸಗಣಿ ಗಾಳೀಲಿ ಅನ್ನ ಮಾಡ್ತಾಳಂತೆ! ದೇವ್ರಿಗೆ ಎಡೆ ಯಾವ್ದ್ರಲ್ಲಿ ಇಡ್ತಾಳೆ?’

‘ಇಷ್ಟು ದಿನ ಬೆರಣಿ ಸುಟ್ಟು ಬೇಯ್ಸಿದ್ದು ಎಡೆಗೆ ನಡೀತಿತ್ತಲ್ಲ ಚಿಕ್ಕಮಾವ? ಬೆರಣಿ ಏನು ಶ್ರೀಗಂಧದ್ದಾ?’ ಅಂದೆ.

ಅತ್ತೆಗೂ ಬೇಡವಾಗಿತ್ತು. ಅವರ ಹೆದರಿಕೆ ದೇವರದ್ದಲ್ಲ, ಹುಳದ್ದು. ‘ಸೀಮೆಎಣ್ಣೇಲಿ ಒಂದ್ಸಲ ಕೈ ಸುಟ್ಕೊಂಡಿದ್ದು ಸಾಲ್ದಾ? ಮತ್ತೆ ವಾಸ್ನೆ ತಂದಿಕ್ತೀಯಾ?’ ಎಂದರು. ತಟ್ಟೆಗಳಿಗೆ ಸಗಣಿ ಸಾರಿಸುತ್ತಾ ಕೂತಿದ್ದರು ಆಗ. ನಮ್ಮಲ್ಲಿ ಹುಳದ ತಟ್ಟೆಗೆ ಸಗಣಿ ಸಾರಿಸಿ ಒಣಗಿಸಿಯೇ ಹುಳ ಬಿಡುವುದು. ನಾನು ಅವರ ಕೈಯನ್ನೇ ನೋಡಿದೆ. ಅವರೂ ತಮ್ಮ ಕೈ ನೋಡಿಕೊಂಡರು. ‘ಕಣ್ಣಿಗೂ ನಾಲಿಗೆ ಐತೆ ನಿಂಗೆ’ ಎಂದು ಮತ್ತೆ ಸಾರಿಸತೊಡಗಿದರು.

ಮಾವನನ್ನು ಒಪ್ಪಿಸಿದ್ದು ನಾನಲ್ಲ, ಒಲೆ. ಮಳೆಗಾಲದ ಒಂದು ಬೆಳಿಗ್ಗೆ ಅತ್ತೆಗೆ ಜ್ವರ, ಎದ್ದು ಕೂರಲಾರರು. ಗಂಡ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಹುಳ ಕೊನೆಯ ಹಂತಕ್ಕೆ ಬಂದಿದ್ದವು. ಆಗ ಅವಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ಹೋದಂತೆ. ಮಾವನಿಗೆ ಹೊಲಕ್ಕೆ ಹೊರಡುವ ಮೊದಲು ಮುದ್ದೆ ಬೇಕು. ‘ನಾನು ಸೊಪ್ಪು ಹಾಕ್ಬೇಕು ಮಾವ. ನೀವು ಸ್ವಲ್ಪ ಒಲೆ ಹಚ್ಚಿ ಎಸರಿಟ್ಟಿರಿ’ ಎಂದೆ. ಬೇರೆ ದಾರಿಯಿಲ್ಲದೆ ಹೋದರು. ಕಡ್ಡಿಯೆಲ್ಲ ಹಸಿ. ಗೋಡೆಯಾಚೆಯಿಂದ ಊದುವ ಸದ್ದು, ಆಮೇಲೆ ಕೆಮ್ಮಿನ ಸದ್ದು, ಆಮೇಲೆ ಬೈಗುಳ. ನನ್ನ ತಟ್ಟೆಗಳು ಮುಗಿದಿದ್ದವು. ಆದರೂ ನಾನು ಬೇಕೆಂದೇ ಇನ್ನೊಂದು ಸುತ್ತು ನೋಡಿಕೊಂಡು ಬಂದೆ. ಇವತ್ತಿಗೂ ನನಗೆ ಅದರ ಬಗ್ಗೆ ಸಂಕೋಚವಿಲ್ಲ. ಮಾವ ಹೊರಗೆ ಬಂದಾಗ ಕಣ್ಣು ಕೆಂಡ, ಮೂಗಲ್ಲಿ ನೀರು, ಪಂಚೆಯೆಲ್ಲ ಬೂದಿ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಉಸಿರೆಳೆದುಕೊಂಡರು. ಒಳಗೆ ಕಂಬಕ್ಕೆ ಒರಗಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದರು.

‘ಗುಂಡಿ ಎಲ್ಲಿ ತೋಡಿಸ್ಬೇಕಂತೆ?’ ಎಂದರು.

ಕೊಟ್ಟಿಗೆಯ ಮಗ್ಗುಲಿಗೆ, ಬೀದಿಯ ಕಡೆ ಗುಂಡಿ ತೋಡಿಸಿದೆವು. ಗ್ರಾಮಸೇವಕರು ಬಂದು ಅಳತೆ ಹಾಕಿಕೊಟ್ಟರು. ಡ್ರಮ್ಮು ಬೆಂಗಳೂರಿನಿಂದ ಲಾರಿಯಲ್ಲಿ ಬಂದು, ಲಾರಿ ಊರೊಳಗೆ ತಿರುಗದೆ, ಕೊನೆಗೆ ಎತ್ತಿನ ಗಾಡಿಯ ಮೇಲೆ ಮೆರವಣಿಗೆ ಬಂದಂತೆ ಬಂತು. ಇಡೀ ಊರು ಬಂದು ನೋಡಿತು. ಒಂದು ದಿನ ಇದು ಸಿಡಿದು ಬೀದಿಯೇ ಹಾರಿಹೋಗುತ್ತದೆಂದು ಚಿಕ್ಕಮಾವ ಭವಿಷ್ಯ ಹೇಳಿದರು. ಸಗಣಿ ತುಂಬಿಸಿ ಕಾದೆವು. ಡ್ರಮ್ಮು ಅಲ್ಲಾಡದು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಡ್ರಮ್ಮಿನ ಮುಖ ನೋಡುತ್ತಿದ್ದೆ. ಕೊನೆಗೊಂದು ದಿನ ಗುಂಡಿಯ ಕಟ್ಟೆಗಿಂತ ಗೇಣುದ್ದ ಮೇಲೆದ್ದು ನಿಂತಿತ್ತು. ನಾನು ಅಂಗಳದಲ್ಲೇ ಕುಣಿದುಬಿಟ್ಟೆ.

ಮೊದಲ ಸಲ ಹಾಲಿಟ್ಟು ಕಡ್ಡಿ ಗೀರಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಹಿಡಿದಿದ್ದರು. ಬೆಂಕಿ ಹತ್ತಿತು. ಬಿಸಿಲಿನ ಬೆಳಕಿನಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ, ಅಷ್ಟು ತಿಳಿನೀಲಿ. ಅತ್ತೆ ಹೊಗೆಗಾಗಿ ಕಾದರು. ಹಾಲು ಉಕ್ಕಿತು, ಇಳಿಸಿದೆ, ಅವರು ಇನ್ನೂ ಸೆರಗು ಹಿಡಿದೇ ನಿಂತಿದ್ದರು. ‘ಅತ್ತೆ, ಸೆರಗು ಬಿಡಿ’ ಎಂದೆ. ಬಿಟ್ಟರು. ಆಮೇಲೆ ಗೋಡೆ ಹಿಡಿದು ಒಳಗೆ ಬಂದು, ಆ ಪುಟ್ಟ ಕಬ್ಬಿಣದ ಒಲೆಯ ಮುಂದೆ ಕೂತು ಅತ್ತರು. ಹೊಗೆಯಿಲ್ಲದೆ ಅವರ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ಆ ಅಡುಗೆಮನೆಯಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ.

ಹುಳಕ್ಕೆ ಏನೂ ಆಗಲಿಲ್ಲ. ಎಂದಿನಂತೆ ಚರಚರ ಸೊಪ್ಪು ತಿಂದು ಗೂಡು ಕಟ್ಟಿದವು. ಹಳೆಯ ಮಣ್ಣಿನ ಒಲೆಯನ್ನು ಅತ್ತೆ ಸಾರಿಸಿ, ರಂಗೋಲಿ ಎಳೆದು, ಹಾಗೇ ಮೂಲೆಯಲ್ಲಿ ಬಿಟ್ಟರು. ಹಬ್ಬ ಬಂದರೆ ಅದಕ್ಕೊಂದು ಅರಿಶಿನ ಕುಂಕುಮ. ಚಳಿಗಾಲ ಬರುವ ಹೊತ್ತಿಗೆ ಅವರು ರಾಗಿ ಮೂಟೆ ಬಿಟ್ಟು ಚಾಪೆ ಹಾಸಿಕೊಂಡರು. ಮೊದಮೊದಲು ಎರಡು ದಿಂಬು, ಆಮೇಲೆ ಒಂದು. ಮಲಗಿ ನಿದ್ದೆ ಮಾಡುತ್ತಿದ್ದ ಅತ್ತೆಯನ್ನು ಬೆಳಿಗ್ಗೆ ಎದ್ದು ನೋಡುವುದೇ ನನಗೊಂದು ಹಬ್ಬವಾಗಿತ್ತು. ಗೆದ್ದೆ ಅಂದುಕೊಂಡೆ. ಅಷ್ಟು ಬೇಗ ಅಂದುಕೊಳ್ಳಬಾರದು.

ಮುಂದಿನ ಬೇಸಿಗೆಯಲ್ಲಿ ಡ್ರಮ್ಮು ಕೂತುಬಿಟ್ಟಿತು.

ಮೊದಲು ಬೆಂಕಿ ಸಣ್ಣದಾಯಿತು, ಆಮೇಲೆ ಪುಕಪುಕ ಎಂದು ಆರಿಹೋಯಿತು. ಸಗಣಿ ಹಾಕಿದಷ್ಟೂ ಒಳಗೆ ಹೋಗುತ್ತಿತ್ತು, ಗಾಳಿ ಮಾತ್ರ ಇಲ್ಲ. ಗ್ರಾಮಸೇವಕರು ಬಂದು ಪೈಪು ತಟ್ಟಿ ನೋಡಿದರು. ‘ಚಳಿಗಾಲದಲ್ಲಿ ಗ್ಯಾಸ್ ಕಮ್ಮಿಯಾಗತ್ತೆ, ಆದರೆ ಈ ಬಿಸಿಲಲ್ಲಿ ಯಾಕೋ ಗೊತ್ತಾಗ್ತಿಲ್ಲಮ್ಮ’ ಎಂದು ಹೊರಟುಹೋದರು. ಚಿಕ್ಕಮಾವನಿಗೆ ಮಾತ್ರ ಎಲ್ಲ ಗೊತ್ತಿತ್ತು.

‘ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಸುಮ್ನೆ ಅಂದ್ರಾ? ಸಗಣಿ ನಂಬ್ಕೊಂಡು ಒಲೆ ಬಿಟ್ರೆ ಹಿಂಗೇ ಆಗೋದು.’

ಮೂಲೆಯ ಒಲೆಯನ್ನು ಮತ್ತೆ ಹಚ್ಚಿದೆವು. ಹಚ್ಚಿದವರು ಅತ್ತೆ. ನಾನು ತಡೆದರೆ, ‘ಹೊಟ್ಟೆಗೆ ಬೇಡ್ವೇನೆ?’ ಎಂದು ತಳ್ಳಿದರು. ಕೆಮ್ಮು ಮನೆಗೆ ವಾಪಸು ಬಂತು. ಕೆಲವೇ ದಿನಗಳಲ್ಲಿ ಚಾಪೆ ಸುತ್ತಿಟ್ಟು ಅವರು ಮತ್ತೆ ರಾಗಿ ಮೂಟೆಗೆ ಒರಗಿದರು. ಒಂದು ಸಂಜೆ ಮುಖ ನೀಲಿಗಟ್ಟಿ, ಉಸಿರಿಗಾಗಿ ನನ್ನ ತೋಳು ಹಿಡಿದರು. ಆ ಉಗುರಿನ ಗುರುತು ನನ್ನ ತೋಳಿನ ಮೇಲೆ ಬಹಳ ದಿನ ಇತ್ತು. ಡಾಕ್ಟರು ಹೇಳಿದ ಮಾತು ನೆನಪಾಯಿತು.

ಯಾಕೆ ಸತ್ತಿತು ಈ ಗುಂಡಿ? ನಾನು ಸಗಣಿ ಕಲಸುವ ತೊಟ್ಟಿಯ ಮುಂದೆ ಹೋಗಿ ಕೂತೆ. ಬಗ್ಗಿ ನೋಡಿದೆ, ಕಣ್ಣು ಚುರುಗುಟ್ಟಿತು. ಸಗಣಿಗೆ ಕಣ್ಣು ಉರಿಯುವುದಿಲ್ಲ. ಆ ಉರಿ ನನಗೆ ಚೆನ್ನಾಗಿ ಗೊತ್ತಿದ್ದ ಉರಿ. ಪ್ರತಿ ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದಮೇಲೆ, ಹುಳದ ಕಾಯಿಲೆ ಮುಂದಿನ ಬೆಳೆಗೆ ಹತ್ತದಿರಲೆಂದು ನಡುಮನೆ, ತಟ್ಟೆ, ಎಲ್ಲವನ್ನೂ ಫಾರ್ಮಲಿನ್ ಔಷಧಿಯಲ್ಲಿ ತೊಳೆಯುತ್ತೇವೆ. ಮೂಗು ಕಣ್ಣು ಎರಡೂ ಸುರಿಯುವ ಔಷಧಿ. ಬೇರೆ ವರ್ಷ ಆ ನೀರನ್ನು ಬೀದಿಯ ಚರಂಡಿಗೆ ಚೆಲ್ಲುತ್ತಿದ್ದೆವು. ಈ ಬೇಸಿಗೆ ಬಾವಿಯಲ್ಲಿ ನೀರು ತಳ ಕಂಡಿತ್ತು. ‘ಚೆಲ್ಲಬ್ಯಾಡ್ರೋ, ಸಗಣಿ ಕಲಸಕ್ಕಾಯ್ತದೆ’ ಎಂದು ಮಾವ ಅಷ್ಟೂ ನೀರನ್ನು ತೊಟ್ಟಿಗೆ ಬಿಡಿಸಿದ್ದರು. ಹುಳ ಸಾಕುವವರ ಮನೆಯಲ್ಲಲ್ಲದೆ ಇಂಥ ಉಳಿತಾಯ ಇನ್ನೆಲ್ಲೂ ನಡೆಯಲಾರದು.

ಮೊಸರಿನ ಗಡಿಗೆಗೆ ಕುದಿಯುವ ಹಾಲು ಹೊಯ್ದರೆ ಹೆಪ್ಪು ಸಾಯುತ್ತದೆ, ಮೊಸರಾಗುವುದಿಲ್ಲ. ಗುಂಡಿಯೊಳಗೂ ಅಂಥದೇ ಒಂದು ಹೆಪ್ಪು ಇರಬೇಕು, ಕಣ್ಣಿಗೆ ಕಾಣದ್ದನ್ನೆಲ್ಲ ಕೊಲ್ಲುವ ಔಷಧಿ ಅದನ್ನೂ ಕೊಂದಿರಬೇಕು ಎಂದು ನನಗೆ ಹೊಳೆಯಿತು. ಮಾವನಿಗೆ ಹೇಳಿದೆ.

‘ನೀರು ನೀರೇ ಕಣಮ್ಮ. ಸಗಣೀಗೆ ಯಾತರ ಜೀವ?’ ಎಂದರು. ನೀರು ಬಿಡಿಸಿದವರು ಅವರಲ್ಲವೇ, ಒಪ್ಪುವುದು ಕಷ್ಟ.

ಗಂಡ ಒಪ್ಪಿದರು. ಇಬ್ಬರೂ ಸೇರಿ, ಆಳುಗಳನ್ನೂ ಹಚ್ಚಿ, ಆ ಕೆಟ್ಟ ರಾಡಿಯನ್ನೆಲ್ಲ ಎತ್ತಿಸಿ ಬೀಳುನೆಲಕ್ಕೆ ಸಾಗಿಸಿದೆವು. ಹೊಸ ಸಗಣಿ ಕಲಸಿ ತುಂಬಿದೆವು. ಇನ್ನು ಬೇಕಾಗಿದ್ದದ್ದು ಹೆಪ್ಪು. ಮೊಸರಿಲ್ಲದಾಗ ಹೆಂಗಸು ಏನು ಮಾಡುತ್ತಾಳೋ ಅದನ್ನೇ ನಾನೂ ಮಾಡಿದೆ, ಹೆಪ್ಪು ಕೇಳಲು ಹೊರಟೆ. ಹತ್ತಿರದಲ್ಲಿ ಇನ್ನೊಂದು ಗುಂಡಿಯಿರಲಿಲ್ಲ. ಗಂಡನನ್ನು ಕರೆದುಕೊಂಡು, ಮುಚ್ಚಳವಿರುವ ಎರಡು ಹಾಲಿನ ಕ್ಯಾನು ಹಿಡಿದು, ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ನೆಲಮಂಗಲದ ಅಕ್ಕನ ಮನೆಗೆ ಹೋದೆ. ಹೊರಡುವಾಗ ಮಾವನಿಗೆ, ‘ನಾವು ಬರೋವರ್ಗೂ ಯಾರಿಗೂ ಡ್ರಮ್ ಮುಟ್ಟಕ್ಕೆ ಬಿಡ್ಬೇಡಿ’ ಎಂದು ಹೇಳಿದ್ದೆ. ಅವರು ಪಂಚೆ ಕೊಡವಿಕೊಂಡು ಕೊಟ್ಟಿಗೆಯ ಕಡೆ ಹೋದರು.

ನಾವು ತಲುಪುವಷ್ಟರಲ್ಲಿ ಅಕ್ಕ ದೀಪ ಹಚ್ಚಿಬಿಟ್ಟಿದ್ದಳು. ‘ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಬಾರ್ದು ಕಣೇ’ ಎಂದು ನಕ್ಕಳು, ಆದರೆ ಕೊಡಲಿಲ್ಲ. ಸಗಣಿಯ ಹೆಪ್ಪಾದರೂ ಹೆಪ್ಪು ಹೆಪ್ಪೇ. ಬೆಳಿಗ್ಗೆ ಅವಳ ಗುಂಡಿಯಿಂದ ಎರಡೂ ಕ್ಯಾನು ತುಂಬಿಸಿ, ಮುಚ್ಚಳದ ಸುತ್ತ ಬಟ್ಟೆ ಬಿಗಿದು, ಬಸ್ಸು ಹತ್ತಿದೆವು. ಬಿಸಿಲೇರುತ್ತಿದ್ದಂತೆ ಕ್ಯಾನಿನೊಳಗೆ ಗುಳುಗುಳು ಸದ್ದು ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಮುಂದಿನ ಸೀಟಿಗೆ ಹೋದಳು.

ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ. ‘ಏನಮ್ಮ ಇದು?’

‘ಬೆಂಕಿ’ ಅಂದೆ. ‘ನಮ್ಮನೇದು ಆರ್ಹೋಗಿತ್ತು, ತಗೊಂಡ್ ಹೋಗ್ತಿದೀನಿ.’

ಅವನು ನನ್ನನ್ನೂ ಕ್ಯಾನನ್ನೂ ನೋಡಿ, ಗಂಡನ ಮುಖ ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಟಿಕೆಟ್ಟು ಹರಿದುಕೊಟ್ಟು ಹೋದ.

ಊರಿನ ಹತ್ತಿರ ಇಳಿದಾಗ ಮಧ್ಯಾಹ್ನ. ಗಂಡ ಇನ್ನೊಂದು ಕ್ಯಾನು ಇಳಿಸಿಕೊಳ್ಳುತ್ತಾ ಹಿಂದೆ ಉಳಿದರು. ನಾನು ಒಂದನ್ನು ಸೊಂಟಕ್ಕೇರಿಸಿ ಅಡ್ಡದಾರಿಯಲ್ಲಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟೆ. ಬೀದಿಯ ಕಡೆಯಿಂದ ಚಿಕ್ಕಮಾವನ ಗಂಟಲು ಕೇಳಿಸಿತು.

‘ಹಗ್ಗ ಬಿಗೀರೋ! ಆ ಕಡೆಯಿಂದ ಮೀಟು! ಅವಳು ಬರೋದ್ರೊಳ್ಗೆ ಗಾಡಿಗೆ ಏರಿಸ್ಬಿಡಿ!’

ಗುಜರಿಯವನನ್ನು ಕರೆಸಿದ್ದರು. ಡ್ರಮ್ಮನ್ನು ಹಳೆ ಕಬ್ಬಿಣಕ್ಕೆ ಹಾಕಲು. ‘ಒಲೆ ಹೆಂಗೂ ಐತಲ್ಲಣ್ಣ, ಇದನ್ನಿಟ್ಕೊಂಡು ಊರೋರ ಕೈಲಿ ಯಾಕೆ ನಗಿಸ್ಕೋತೀಯಾ?’ ಎನ್ನುವುದೂ ಕೇಳಿಸಿತು. ಮಾವನ ದನಿ ಕೇಳಿಸಲಿಲ್ಲ. ಕ್ಯಾನು ಕುಕ್ಕಿ, ಬೀದಿಗೆ ನುಗ್ಗಬೇಕೆಂದು ಅಡುಗೆಮನೆಯ ಬಾಗಿಲು ದಾಟಿದೆ.

ಅಲ್ಲೇ ನಿಂತೆ. ಅತ್ತೆ ಒಲೆಯ ಮುಂದೆ ನಿಂತಿದ್ದರು. ಕೈಯಲ್ಲಿ ಹಾರೆಯಿತ್ತು. ಎರಡು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದ ಹೆಂಗಸು, ಆ ಹಾರೆಯನ್ನು ಹೇಗೆ ಎತ್ತಿದರೋ ಗೊತ್ತಿಲ್ಲ. ನನ್ನನ್ನು ನೋಡಿದರು, ಆದರೆ ನಿಲ್ಲಿಸಲಿಲ್ಲ. ಎತ್ತಿ ಒಲೆಯ ನೆತ್ತಿಗೆ ಹಾಕಿದರು. ಬಾಯಿ ಬಿರಿಯಿತು. ಇನ್ನೊಂದು ಹಾಕಿದರು. ತಲೆಮಾರಿನ ಮಣ್ಣು, ಅದರೊಳಗಿನ ಕಪ್ಪು, ರಂಗೋಲಿ, ಕುಂಕುಮ, ಎಲ್ಲ ಕುಸಿದು ಬೂದಿಯ ಮೇಲೆ ಬಿತ್ತು. ಕೆಮ್ಮಿದರು, ಉಸಿರೆಳೆದರು, ಮತ್ತೊಂದು ಹಾಕಿದರು. ನಾನು ತಡೆಯಲಿಲ್ಲ. ತಡೆಯಬೇಕೆಂದು ಅನ್ನಿಸಲೂ ಇಲ್ಲ.

ಸದ್ದು ಕೇಳಿ ಹೊರಗಿನವರು ಓಡಿಬರುವ ಹೆಜ್ಜೆ ಕೇಳಿಸಿತು. ಅತ್ತೆ ಹಾರೆಯನ್ನು ತಂದು ನನ್ನ ಕೈಯಲ್ಲಿಟ್ಟರು. ‘ಹಿಡ್ಕೊ’ ಅಂದರು. ಹಿಡಿದುಕೊಂಡೆ.

ಚಿಕ್ಕಮಾವ ಬಾಗಿಲಲ್ಲಿ ಬಾಯಿ ತೆರೆದು ನಿಂತರು. ಅವರ ಹಿಂದೆ ಗುಜರಿಯವನು, ಅವನ ಹಿಂದೆ ಮಾವ.

‘ಯಾರು... ಯಾರು ಒಡೆದಿದ್ದು?’

‘ಸೊಸೆ ಒಡೆದ್ಲು’ ಎಂದರು ಅತ್ತೆ, ಗೋಡೆಗೆ ಒರಗಿಕೊಂಡು. ‘ಏನೀಗ? ಇನ್ಮೇಲೆ ಈ ಮನೇಲಿ ಒಲೆ ಇಲ್ಲ. ಡ್ರಮ್ ಎತ್ಕೊಂಡೋದ್ರೆ ಊಟನೂ ಇಲ್ಲ. ಬೇಕಾದ್ರೆ ಎತ್ಕೊಂಡೋಗಿ.’

ನಾನು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಗದರಿದರು. ಮುಚ್ಚಿಕೊಂಡೆ, ಹಾರೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಚಿಕ್ಕಮಾವ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಗುಜರಿಯವನು ಆಗಲೇ ಬೀದಿಗೆ ಓಡಿ ಡ್ರಮ್ಮಿನ ಹಗ್ಗ ಬಿಚ್ಚತೊಡಗಿದ್ದ. ‘ಒಲೆ ಒಡೆದ ಮನೆ ಕಬ್ಣ ನಂಗ್ಬೇಡಪ್ಪೋ’ ಎಂದು ಗಾಡಿ ತಿರುಗಿಸಿದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ಮಾವ ಮಾತ್ರ ಅಲ್ಲೇ ನಿಂತಿದ್ದರು. ನನ್ನ ಕೈಯಲ್ಲಿದ್ದ ಹಾರೆ ನೋಡಿದರು. ನನ್ನ ಸೀರೆಯ ಮೇಲೆ ಬಸ್ಸಿನ ಧೂಳಿತ್ತು, ಮಸಿಯಿರಲಿಲ್ಲ. ಅತ್ತೆ ಮೊಣಕೈಯವರೆಗೆ ಕಪ್ಪಾಗಿದ್ದರು. ಅದನ್ನೂ ನೋಡಿದರು. ಹಿತ್ತಲಿಗೆ ಹೋಗಿ ಮೂರು ಕಲ್ಲು ಹೊತ್ತು ತಂದರು. ಅಂಗಳದ ಬಯಲಲ್ಲಿ, ಹೊಗೆ ಆಕಾಶಕ್ಕೆ ಹೋಗುವಂಥ ಜಾಗ ನೋಡಿ ಹೂಡಿದರು. ಗ್ಯಾಸ್ ಬರುವವರೆಗೆ ಅಲ್ಲೇ ಅಡುಗೆ. ಹೆಚ್ಚು ದಿನ ಕಡ್ಡಿ ಉರಿಸಿದವರು ಅವರೇ. ಊರಿನವರು ಬೇಲಿಯಾಚೆ ನಿಂತು ನಕ್ಕಾಗ, ‘ನಿಮ್ಮನೇಲಿ ಯಾರಿಗೂ ಕೆಮ್ಮಿಲ್ವಾ?’ ಎಂದು ಒಂದೇ ಮಾತು ಕೇಳಿದರು.

ಅಕ್ಕನ ಮನೆಯ ಹೆಪ್ಪು ಹಿಡಿಯಿತು. ಡ್ರಮ್ಮು ಮೆಲ್ಲಗೆ, ಹಟಮಾರಿಯಂತೆ, ಮೇಲೆದ್ದಿತು. ಆಮೇಲಿಂದ ಔಷಧಿಯ ನೀರನ್ನು ತೊಟ್ಟಿಯ ಹತ್ತಿರ ಸುಳಿಯಗೊಡದೆ ಕಾಯುವ ಕೆಲಸ ಮಾವನದೇ ಆಯಿತು. ಚಿಕ್ಕಮಾವ ಬಹಳ ಕಾಲ ನಮ್ಮ ಜಗಲಿಗೆ ಬರಲಿಲ್ಲ. ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ, ಅವರ ಮನೆಯ ಎರಡು ಎಮ್ಮೆಯ ಸಗಣಿಗೆ ಎಷ್ಟು ದೊಡ್ಡ ಗುಂಡಿ ಬೇಕಾಗುತ್ತದೆ ಎಂಬುದು. ನಾನು ಹೇಳಿಕೊಟ್ಟೆ. ಹೇಳಿಕೊಡುವಾಗ ಹಾರೆಯನ್ನು ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕ ಒರಗಿಸಿಟ್ಟಿದ್ದೆ.

ಗ್ಯಾಸ್ ಮರಳಿ ಬಂದ ದಿನ ಒಲೆ ಹಚ್ಚಿದವರು ಅತ್ತೆ. ಹುಳ ಇರದ ಕಾಲವಾದ್ದರಿಂದ ಸಾರಿಗೆ ಧಾರಾಳವಾಗಿ ಒಗ್ಗರಣೆ ಹಾಕಿದರು. ನಾನು ಪಕ್ಕದಲ್ಲಿ ಕೂತು, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದೆ.

‘ನೀವು ಒಡೆದು ನನ್ನ ಹೆಸರು ಯಾಕ್ ಹೇಳಿದ್ರಿ ಅತ್ತೆ? ಊರಲ್ಲಿ ನನ್ನ ಮನೆಹಾಳಿ ಅಂತಾರೆ.’

ಅವರು ಸೌಟು ತಿರುಗಿಸುತ್ತಲೇ ಇದ್ದರು. ‘ನಾನು ಒಡೆದೆ ಅಂದ್ರೆ ಮುದುಕಿಗೆ ಹುಚ್ಚು ಹಿಡೀತು ಅಂತ ಇನ್ನೊಂದು ಒಲೆ ಹಾಕಿಸ್ತಾರೆ. ನೀನು ಒಡೆದೆ ಅಂದ್ರೆ ಹೆದರ್ತಾರೆ. ನಾನು ಇನ್ನೆಷ್ಟು ದಿನ ಇರ್ತೀನಿ? ನಾನು ಹೋದ್ಮೇಲೆ ನಿಂಗೆ ಆ ಹೆದರ್ಕೆ ಬೇಕಾಗ್ತದೆ ಕಣೇ, ಇಟ್ಕೊ.’

ಬಹಳ ವರ್ಷ ಇದ್ದರು. ಹೋದಾಗ ಚಾಪೆಯ ಮೇಲೆ, ಒಂದೇ ದಿಂಬಿಟ್ಟುಕೊಂಡು, ಮಲಗಿದ್ದಲ್ಲೇ ಹೋದರು. ಅವರು ಹೇಳಿದ್ದು ಸರಿ. ನನ್ನ ಮಗಳು ದೊಡ್ಡಬಳ್ಳಾಪುರಕ್ಕೆ ಓದಲು ಹೊರಟಾಗ ಹೆಣ್ಣಿಗೆ ಯಾಕೆ ಓದು ಎಂದು ಊರಿನಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಆ ಮೂಲೆಯಲ್ಲಿ ಈಗಲೂ ಒಲೆಯಿಲ್ಲ. ಹಾರೆ ಇದೆ.